ಚಾಕೊಲೇಟು ಕೇಕೂ ಆಲೆಮನೆಯ ಹದವೂ

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಕಾವೇರಿಯ ಸೇತುವೆಯನ್ನು ದಾಟಿ ಸ್ವಲ್ಪ ದೂರ ನಡೆದರೆ ಸಿಗುವ ಊರು ಕಿರಂಗೂರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿದರು. ಅದರ ನೆನಪಿಗಾಗಿ ಈಗ ನಡೆಯುವ ಶ್ರೀರಂಗಪಟ್ಟಣ ದಸರಾ ಮೆರವಣಿಗೆ ಈ ಊರಿನ ಬನ್ನಿಮಂಟಪದಿಂದಲೇ ಹೊರಡುತ್ತದೆ. ಸುತ್ತಲೂ ಭತ್ತದ ಗದ್ದೆ, ಕಬ್ಬಿನ ತೋಟ. ಹಬ್ಬ ಬಂದರೆ ಇಲ್ಲಿನ ಮನೆಗಳಲ್ಲಿ ಒಬ್ಬಟ್ಟು, ಕಜ್ಜಾಯ, ಪಾಯಸಗಳ ಪರಿಮಳ ಏಳುತ್ತದೆ. ಆದರೆ ಮಗುವಿನ ಹುಟ್ಟುಹಬ್ಬ ಬಂದಾಗ ಮಾತ್ರ ಮನೆಯವರು ಪಟ್ಟಣದ ಬೇಕರಿಯ ಕಡೆಗೆ ಮುಖ ಮಾಡುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ಕಂದು ಬಣ್ಣದ ಚಾಕೊಲೇಟು ಕೇಕು, ಅದರ ಮೇಲೆ ಕೆಂಪು ಮಣಿಗಳಂತೆ ಕುಳಿತ ಚೆರ್ರಿ ಹಣ್ಣುಗಳು! ಅದು ನಮ್ಮ ಕೈಗೆ ಎಟುಕುವ ವಿದ್ಯೆಯಲ್ಲ, ಅದಕ್ಕೆ ಬೇರೆ ಒಲೆ, ಬೇರೆ ಸಾಮಗ್ರಿ, ಬೇರೆ ಕೈಗುಣ ಬೇಕು ಎಂಬ ಭಾವನೆ ಬಹುಜನರಲ್ಲಿದೆ.

ಈ ಭಾವನೆ ಎಷ್ಟರಮಟ್ಟಿಗೆ ನಿಜ? ಕೇಕು ಹೊರನಾಡಿನಿಂದ ಬಂದ ತಿಂಡಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಬಂದು ಇಲ್ಲಿ ನೆಲೆಸಿ ಬಹಳ ಕಾಲವಾಯಿತು. ಹಾಸನ ಸೀಮೆಯಿಂದ ಬೆಂಗಳೂರಿಗೆ ಬಂದ ಎಚ್. ಎಸ್. ತಿರುಮಲಾಚಾರ್ಯರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿಯೊಂದನ್ನು ತೆರೆದರು. ಬಿ.ಬಿ. ಬೇಕರಿ ಎಂದು ಅದು ಹೆಸರಾಯಿತು. ಆಮೇಲೆ ಅದೇ ಸೀಮೆಯ ಅನೇಕ ಕುಟುಂಬಗಳು ಈ ಕಸುಬನ್ನು ಹಿಡಿದವು. ‘ಅಯ್ಯಂಗಾರ್ ಬೇಕರಿ’ ಎಂಬ ಹಲಗೆ ಇಂದು ಕಾಣದ ಪಟ್ಟಣವೇ ಕರ್ನಾಟಕದಲ್ಲಿ ಅಪರೂಪ. ಖಾರದ ಬನ್ನು, ಕೊಬ್ಬರಿ ತುಂಬಿದ ದಿಲ್‌ಪಸಂದ್, ಮೊಟ್ಟೆಯಿಲ್ಲದ ಕೇಕು ಇವೆಲ್ಲ ಈ ಬೇಕರಿಗಳಲ್ಲಿ ನಮ್ಮ ನಾಲಗೆಗೆ ಹೊಂದಿಕೊಂಡು ಬೆಳೆದವು. ಹೀಗಿದ್ದರೂ ಬೇಕರಿಯ ಹಿಂಬದಿಯ ಕೋಣೆಯಲ್ಲಿ ನಡೆಯುವ ಕೆಲಸ ಕೊಳ್ಳುವವರಿಗೆ ಮುಚ್ಚಿದ ಪುಸ್ತಕವಾಗಿಯೇ ಉಳಿಯಿತು. ಚಾಕೊಲೇಟು ಚೆರ್ರಿ ಕೇಕಿನ ಒಂದೊಂದು ಅಂಗವನ್ನೂ ಬಿಡಿಸಿ ನೋಡಿದರೆ, ಅದರ ಬಹುಭಾಗ ಕರ್ನಾಟಕದ ನೆಲದಲ್ಲೇ ದೊರೆಯುತ್ತದೆ ಎಂಬುದೂ, ಅದರಲ್ಲಿ ಅತ್ಯಂತ ಕಠಿಣವಾದ ಕೆಲಸ ಕಬ್ಬಿನ ಸೀಮೆಯ ಜನರಿಗೆ ತಲೆತಲಾಂತರದಿಂದ ಗೊತ್ತಿರುವ ಕೆಲಸವೇ ಎಂಬುದೂ ತಿಳಿಯುತ್ತದೆ.

ಮೊದಲು ಚಾಕೊಲೇಟನ್ನು ತೆಗೆದುಕೊಳ್ಳೋಣ. ಅದರ ಮೂಲ ಕೋಕೋ ಮರ. ಅಮೆರಿಕ ಖಂಡದ ಉಷ್ಣವಲಯದ ಕಾಡುಗಳು ಅದರ ತವರು. ಮೆಕ್ಸಿಕೋದ ಅಜ್ಟೆಕ್ ಜನರು ಕೋಕೋ ಬೀಜಗಳನ್ನು ನಾಣ್ಯದಂತೆ ಚಲಾಯಿಸುತ್ತಿದ್ದರು. ಸಸ್ಯಗಳಿಗೆ ನಾಮಕರಣ ಮಾಡಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ‘ದೇವತೆಗಳ ಆಹಾರ’ ಎಂಬ ಅರ್ಥ ಬರುವ ಹೆಸರನ್ನಿಟ್ಟನು. ಈ ಮರದ ವಿಶೇಷವೆಂದರೆ ಹಲಸಿನ ಹಾಗೆ ಇದರ ಕಾಯಿಯೂ ಬೊಡ್ಡೆಗೇ ಅಂಟಿಕೊಂಡು ಬಿಡುತ್ತದೆ. ಕಾಯನ್ನು ಒಡೆದರೆ ಒಳಗೆ ಬಿಳಿಯ, ಸಿಹಿಯಾದ ತಿರುಳಿನಲ್ಲಿ ಹುದುಗಿದ ಮೂವತ್ತು ನಲವತ್ತು ಬೀಜಗಳು. ಹಸಿಯ ಬೀಜವನ್ನು ಕಚ್ಚಿದವರು ಮುಖ ಕಿವುಚಿ ಉಗುಳುತ್ತಾರೆ. ಅಷ್ಟು ಕಹಿ, ಅಷ್ಟು ಒಗರು. ಚಾಕೊಲೇಟಿನ ವಾಸನೆಯ ಸುಳಿವೂ ಅದರಲ್ಲಿಲ್ಲ.

ಹಾಗಾದರೆ ಆ ಪರಿಮಳ ಬರುವುದೆಲ್ಲಿಂದ? ಬೀಜಗಳನ್ನು ತಿರುಳಿನ ಸಮೇತ ರಾಶಿ ಹಾಕಿಯೋ ಮರದ ಪೆಟ್ಟಿಗೆಗಳಲ್ಲಿ ತುಂಬಿಯೋ ಐದಾರು ದಿನ ಹುಳಿಯಲು ಬಿಡುತ್ತಾರೆ. ದೋಸೆಯ ಹಿಟ್ಟಿನಲ್ಲಿ ನಡೆಯುವಂತೆಯೇ ಇಲ್ಲಿಯೂ ಕಣ್ಣಿಗೆ ಕಾಣದ ಜೀವಿಗಳು ಕೆಲಸಕ್ಕೆ ತೊಡಗುತ್ತವೆ. ತಿರುಳಿನ ಸಕ್ಕರೆ ಮೊದಲು ಮದ್ಯಸಾರವಾಗಿ, ಆಮೇಲೆ ಆಮ್ಲವಾಗಿ ಮಾರ್ಪಡುತ್ತದೆ. ರಾಶಿ ತಾನಾಗಿಯೇ ಬಿಸಿಯಾಗಿ 45ರಿಂದ 50 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಏರುತ್ತದೆ. ಈ ಬಿಸಿಗೂ ಆಮ್ಲಕ್ಕೂ ಬೀಜದೊಳಗಿನ ಮೊಳಕೆ ಸತ್ತು, ಕಹಿ ತಗ್ಗಿ, ಪರಿಮಳಕ್ಕೆ ಬೇಕಾದ ವಸ್ತುಗಳು ಹುಟ್ಟುತ್ತವೆ. ಬಿಸಿಲಿನಲ್ಲಿ ಒಣಗಿಸಿ ಹುರಿದಾಗ ಆ ಪರಿಮಳ ಅರಳುತ್ತದೆ. ಹುರಿದ ಬೀಜದ ಸಿಪ್ಪೆ ತೆಗೆದು ಅರೆದರೆ, ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದರಿಂದ, ಅದು ನೀರಾದ ಗಸಿಯಾಗುತ್ತದೆ. ಹಾಲೆಂಡಿನ ವಾನ್ ಹೌಟನ್ ಎಂಬಾತನ ಹೆಸರಿನಲ್ಲಿ 1828ರಲ್ಲಿ ಈ ಗಸಿಯನ್ನು ಒತ್ತಿ ಕೊಬ್ಬನ್ನು ಬೇರ್ಪಡಿಸುವ ಯಂತ್ರಕ್ಕೆ ಹಕ್ಕುಪತ್ರ ದೊರೆಯಿತು. ಎಣ್ಣೆಯ ಗಾಣದಲ್ಲಿ ಹಿಂಡಿ ಉಳಿಯುವಂತೆ ಅಲ್ಲಿ ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಅದೇ ಅಂಗಡಿಯಲ್ಲಿ ಸಿಗುವ ಕೋಕೋ ಪುಡಿ.

ಈ ಮರ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ತೋಟಗಳಿಗೆ ಬಂದುದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಕೋಕೋಗೆ ನೆರಳು ಬೇಕು. ಅಡಿಕೆ ಮರಗಳ ನಡುವೆ ನೆರಳಿನ ಜಾಗ ಬೇಕಾದಷ್ಟಿದೆ. ಇವೆರಡರ ಜೋಡಿ ಚೆನ್ನಾಗಿಯೇ ಹೊಂದಿತು. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯೂ ವಿಟ್ಲದಲ್ಲಿರುವ ಅದರ ಶಾಖೆಯೂ ಈ ಬೆಳೆಯನ್ನು ಅಭ್ಯಾಸ ಮಾಡಿ ಒಳ್ಳೆಯ ತಳಿಗಳನ್ನು ಹುಡುಕಿದವು. ಆದರೆ 1980ರ ಸುಮಾರಿನಲ್ಲಿ ಪೇಟೆಯಲ್ಲಿ ಕೋಕೋ ಬೆಲೆ ಕುಸಿಯಿತು. ಬೆಳೆದುದನ್ನು ಕೊಳ್ಳುವವರಿಲ್ಲವಾಯಿತು. ವರ್ಷಗಟ್ಟಲೆ ನೀರೆರೆದು ಸಾಕಿದ ಗಿಡಗಳಿಗೆ ರೈತರು ತಾವೇ ಕೊಡಲಿ ಹಾಕಿದರು. ಆ ಹೊತ್ತಿಗೆ, ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿಕೊಂಡಿದ್ದ ಸಹಕಾರ ಸಂಘ ಕ್ಯಾಂಪ್ಕೊ ಕೋಕೋ ಬೀಜವನ್ನು ಕೊಳ್ಳಲು ಮುಂದಾಯಿತು. ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಬೀಜವನ್ನು ಮಾರಿದರಷ್ಟೇ ಸಾಲದು, ಚಾಕೊಲೇಟನ್ನೂ ತಾವೇ ಮಾಡಬೇಕೆಂದು ಆ ಸಂಘ ಪುತ್ತೂರಿನಲ್ಲಿ ಕಾರ್ಖಾನೆಯನ್ನು ಕಟ್ಟಿತು. 1986ರಲ್ಲಿ ಅದು ಕೆಲಸ ಆರಂಭಿಸಿತು. ರೈತರದೇ ಒಡೆತನದ ಚಾಕೊಲೇಟು ಕಾರ್ಖಾನೆ ಲೋಕದಲ್ಲಿ ಎಷ್ಟಿದ್ದೀತು? ಪಶ್ಚಿಮ ಆಫ್ರಿಕದಲ್ಲಿ ಬೆಳೆ ಕೆಟ್ಟು 2024ರಲ್ಲಿ ಜಗತ್ತಿನ ಕೋಕೋ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ, ಕೊಡಲಿ ಹಾಕದೆ ಉಳಿಸಿಕೊಂಡಿದ್ದ ತೋಟಗಾರರಿಗೆ ತಮ್ಮ ತಾಳ್ಮೆಯ ಫಲ ಕಂಡಿತು. ಹೀಗೆ ಕಿರಂಗೂರಿನ ಅಡುಗೆಮನೆಗೆ ಬರುವ ಕೋಕೋ ಪುಡಿಯ ದಾರಿ ಘಟ್ಟದ ಕೆಳಗಿನ ಪುತ್ತೂರಿನಷ್ಟೇ ದೂರವಾಗಿರಬಹುದು.

ಇನ್ನು ಚೆರ್ರಿಯ ವಿಷಯ. ಇಲ್ಲಿ ಒಂದು ಸಣ್ಣ ಗುಟ್ಟು ಇದೆ. ನಿಜವಾದ ಚೆರ್ರಿ ಚಳಿಯ ನಾಡಿನ ಮರ. ಚಳಿಗಾಲದಲ್ಲಿ ತಕ್ಕಷ್ಟು ದಿನ ಶೀತದಲ್ಲಿ ಮಲಗಿ ಎದ್ದರೆ ಮಾತ್ರ ಅದು ಹೂ ಬಿಡುತ್ತದೆ. ಆದ್ದರಿಂದಲೇ ಭಾರತದಲ್ಲಿ ಅದು ಮುಖ್ಯವಾಗಿ ಕಾಶ್ಮೀರ, ಹಿಮಾಚಲ ಪ್ರದೇಶಗಳ ಬೆಳೆ. ನಮ್ಮ ಬೇಕರಿಗಳಲ್ಲಿ ಚೆರ್ರಿ ಎಂದು ಮಾರುವ ಕೆಂಪು ಹಣ್ಣು ಬಹುಮಟ್ಟಿಗೆ ಚೆರ್ರಿಯೇ ಅಲ್ಲ. ಅದು ಕವಳಿ ಹಣ್ಣು. ಕರಾವಳಿಯವರು ಅದನ್ನು ಕರಂಡೆ ಎನ್ನುತ್ತಾರೆ. ಕುರುಚಲು ಕಾಡಿನಲ್ಲಿ, ಬೇಲಿಯ ಸಾಲಿನಲ್ಲಿ ಮುಳ್ಳುಗಳ ನಡುವೆ ಬೆಳೆಯುವ ಪೊದೆ ಅದು. ಎಳೆಯ ಕಾಯನ್ನು ಉಪ್ಪಿನಕಾಯಿಗೆ ಹಾಕುತ್ತಾರೆ. ಮಾಗಿದ ಹಣ್ಣನ್ನು ದನ ಕಾಯುವ ಹುಡುಗರು ಬಾಯಿ ಕಪ್ಪಗಾಗುವಂತೆ ತಿನ್ನುತ್ತಾರೆ. ಇದೇ ರೀತಿ ಬನ್ನಿನಲ್ಲಿ ಸಿಗುವ ಬಣ್ಣಬಣ್ಣದ ಟೂಟಿ ಫ್ರೂಟಿ ಎಂಬುದು ಪರಂಗಿಕಾಯಿಯ ಚೂರು. ಇದನ್ನು ಮೋಸವೆನ್ನಬೇಕೆ? ಹೆಸರಿನಲ್ಲಿ ತುಸು ಮೋಸವುಂಟು, ಹಣ್ಣಿನಲ್ಲಿಲ್ಲ. ಕವಳಿ ಹಣ್ಣು ಚೆರ್ರಿಗೆ ಯಾವ ರೀತಿಯಲ್ಲಿಯೂ ಕಡಮೆಯದಲ್ಲ.

ಮೋಸ ನಡೆಯುವುದಾದರೆ ಅದು ಬಣ್ಣದಲ್ಲಿ. ಸಂಸ್ಕರಿಸುವಾಗ ಹಣ್ಣಿನ ಸ್ವಂತ ಬಣ್ಣ ಹೋಗುವುದರಿಂದ ಕೃತಕ ಬಣ್ಣವನ್ನು ಸೇರಿಸುತ್ತಾರೆ. ಕಾಯಿದೆ ಕೆಲವು ಬಣ್ಣಗಳನ್ನು ಮಾತ್ರ, ಅವನ್ನೂ ಗೊತ್ತಾದ ಮಿತಿಯೊಳಗೆ ಮಾತ್ರ ಬಳಸಲು ಒಪ್ಪುತ್ತದೆ. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ 2024ರಲ್ಲಿ ಬೆಂಗಳೂರಿನ ಬೇಕರಿಗಳಿಂದ 235 ಕೇಕುಗಳ ಮಾದರಿಗಳನ್ನು ತರಿಸಿ ಪರೀಕ್ಷಿಸಿತು. 223 ಮಾದರಿಗಳು ನಿರಪಾಯವಾಗಿದ್ದವು. ಉಳಿದ 12ರಲ್ಲಿ ಕೃತಕ ಬಣ್ಣಗಳ ಪ್ರಮಾಣ ಅಪಾಯಕರವಾಗಿತ್ತು. ಕೆಂಪು ಕೇಕು, ಚೆರ್ರಿ ಇಟ್ಟ ಚಾಕೊಲೇಟು ಕೇಕುಗಳು ಅವುಗಳಲ್ಲಿ ಸೇರಿದ್ದವು. ಬೇಕರಿಯ ಕೇಕೆಲ್ಲ ವಿಷವೆಂದು ಹೆದರಬೇಕಾಗಿಲ್ಲ. ಆದರೆ ಮಗುವಿನ ಬಾಯಿಗೆ ಹೋಗುವ ತುತ್ತಿನಲ್ಲಿ ಏನಿದೆ ಎಂದು ತಿಳಿಯಬೇಕೆಂಬುದು ತಪ್ಪಲ್ಲ. ಅದನ್ನು ತಿಳಿಯಲು ಅತ್ಯಂತ ಸುಲಭವಾದ ಮಾರ್ಗವೆಂದರೆ ತಾನೇ ಮಾಡುವುದು.

ಕವಳಿ ಹಣ್ಣನ್ನು ಮನೆಯಲ್ಲಿ ಪಾಕಕ್ಕೆ ಹಾಕುವುದು ಕಷ್ಟವಲ್ಲ, ಆದರೆ ಅವಸರಕ್ಕೆ ಆಗುವ ಕೆಲಸವೂ ಅಲ್ಲ. ಬಲಿತು ಕೆಂಪೇರಿದ ಕಾಲು ಕಿಲೋ ಕಾಯನ್ನು ಸೀಳಿ, ಬೀಜ ತೆಗೆದು, ಹಾಲಿನಂಥ ಅಂಟು ಬಿಡುವಂತೆ ರಾತ್ರಿಯೆಲ್ಲ ಉಪ್ಪುನೀರಿನಲ್ಲಿ ನೆನೆಸಬೇಕು. ಬೆಳಗ್ಗೆ ಚೆನ್ನಾಗಿ ತೊಳೆದು, ಮೆತ್ತಗಾಗುವಷ್ಟು ಬೇಯಿಸಿಕೊಳ್ಳಬೇಕು. 400 ಮಿಲಿಲೀಟರ್ ನೀರಿಗೆ 200 ಗ್ರಾಂ ಸಕ್ಕರೆ ಹಾಕಿ ಕುದಿಸಿದ ತೆಳುವಾದ ಪಾಕದಲ್ಲಿ ಒಂದು ದಿನ ಇಡಬೇಕು. ಮರುದಿನ ಹಣ್ಣನ್ನು ಸೋಸಿ ತೆಗೆದು, ಪಾಕಕ್ಕೆ ಇನ್ನೊಂದು 100 ಗ್ರಾಂ ಸಕ್ಕರೆ ಸೇರಿಸಿ ಕುದಿಸಿ ಮತ್ತೆ ಹಣ್ಣಿನ ಮೇಲೆ ಸುರಿಯಬೇಕು. ಹೀಗೆ ದಿನಕ್ಕೊಮ್ಮೆ ಐದಾರು ದಿನ ಮಾಡಿದರೆ ಪಾಕ ಜೇನಿನಂತೆ ಮಂದವಾಗಿ, ಹಣ್ಣು ಪಾರದರ್ಶಕವಾಗಿ ಹೊಳೆಯುತ್ತದೆ. ಕೆಂಪು ಹೆಚ್ಚು ಬೇಕಾದರೆ ಎರಡು ಚಮಚ ಬೀಟ್‌ರೂಟಿನ ರಸ ಸಾಕು. ಮೊದಲ ದಿನವೇ ಮಂದಪಾಕದಲ್ಲಿ ಮುಳುಗಿಸಿದರೇನು? ಹಣ್ಣಿನೊಳಗಿನ ನೀರು ಸಕ್ಕರೆಯ ಸೆಳೆತಕ್ಕೆ ಸಿಕ್ಕಿ ಒಮ್ಮೆಲೇ ಹೊರಕ್ಕೆ ಧಾವಿಸುತ್ತದೆ. ಸಕ್ಕರೆ ಒಳಹೊಗಲು ಅಷ್ಟು ಬೇಗ ಸಾಧ್ಯವಿಲ್ಲ. ಹಣ್ಣು ಸುಕ್ಕುಗಟ್ಟಿ ತೊಗಲಿನಂತಾಗುತ್ತದೆ. ಮೆಲ್ಲಮೆಲ್ಲನೆ ಏರಿಸಿದಾಗ ಹೊರಹೋಗುವ ನೀರಿನ ಜಾಗವನ್ನು ಸಕ್ಕರೆ ತುಂಬುತ್ತದೆ. ಅಷ್ಟು ಸಕ್ಕರೆಯಿರುವಲ್ಲಿ ಬೂಷ್ಟು ಸುಲಭವಾಗಿ ಬೆಳೆಯಲಾರದು.

ಸಾಮಗ್ರಿಗಳು ಕೂಡಿದ ಮೇಲೆ ಕೇಕಿನ ಕೆಲಸ. ಮೊಟ್ಟೆಯಿಲ್ಲದೆ ಮಾಡುವ ಹಳೆಯ ಕಾಲದ ಸುಲಭ ವಿಧಾನ ಹೀಗಿದೆ. 180 ಗ್ರಾಂ ಮೈದಾ, 30 ಗ್ರಾಂ ಕೋಕೋ ಪುಡಿ, ಮುಕ್ಕಾಲು ಟೀ ಚಮಚ ಅಡುಗೆ ಸೋಡ, ಅರ್ಧ ಟೀ ಚಮಚ ಉಪ್ಪು ಇವನ್ನು ಕೂಡಿಸಿ ಎರಡು ಬಾರಿ ಜರಡಿ ಹಿಡಿಯಬೇಕು. ಇನ್ನೊಂದು ಪಾತ್ರೆಯಲ್ಲಿ 250 ಮಿಲಿಲೀಟರ್ ಹುಳಿ ಮಜ್ಜಿಗೆ, 180 ಗ್ರಾಂ ಪುಡಿಸಕ್ಕರೆ, 80 ಮಿಲಿಲೀಟರ್ ವಾಸನೆಯಿಲ್ಲದ ಅಡುಗೆ ಎಣ್ಣೆ ಹಾಕಿ ಸಕ್ಕರೆ ಕರಗುವವರೆಗೆ ಕಲಕಬೇಕು. ಹಿಟ್ಟನ್ನು ಇದಕ್ಕೆ ಸುರಿದು, ಗಂಟಿಲ್ಲದಂತೆ ಕೂಡಿದೊಡನೆ ಕೈ ನಿಲ್ಲಿಸಬೇಕು. ದೋಸೆಯ ಹಿಟ್ಟನ್ನು ಕಲಸಿ ರೂಢಿಯಾದ ಕೈ ಇಲ್ಲಿ ನಿಲ್ಲುವುದಿಲ್ಲ, ಇನ್ನಷ್ಟು ತಿರುಗಿಸೋಣವೆನ್ನುತ್ತದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಸಸಾರಜನಕವಿದೆ. ಹೆಚ್ಚು ಕಲಕಿದಷ್ಟೂ ಅದು ಎಳೆಯೆಳೆಯಾಗಿ ಬಲಿಯುತ್ತದೆ. ಪರೋಟಕ್ಕೆ ಬೇಕಾದ ಈ ಗುಣ ಕೇಕಿಗೆ ಶತ್ರು.

ಕೇಕು ಉಬ್ಬುವುದಕ್ಕೆ ಕಾರಣ ಮಜ್ಜಿಗೆಯ ಹುಳಿಯೂ ಸೋಡವೂ ಸೇರಿ ಉಂಟುಮಾಡುವ ಇಂಗಾಲದ ಡೈಆಕ್ಸೈಡ್ ಅನಿಲ. ಎರಡೂ ಕೂಡಿದ ಕ್ಷಣದಿಂದಲೇ ಗುಳ್ಳೆಗಳು ಏಳತೊಡಗುತ್ತವೆ. ಆದ್ದರಿಂದ ಒಲೆಯ ಸಿದ್ಧತೆ ಮೊದಲೇ ಆಗಿರತಕ್ಕದ್ದು. ಹಿಟ್ಟು ಕಲಸಿಟ್ಟು ಪಕ್ಕದ ಮನೆಗೆ ತಟ್ಟೆ ಕೇಳಲು ಹೋದರೆ, ಬರುವ ಹೊತ್ತಿಗೆ ಅರ್ಧ ಉಬ್ಬು ಗಾಳಿಯ ಪಾಲಾಗಿರುತ್ತದೆ. ಮಜ್ಜಿಗೆ ಸಾಕಷ್ಟು ಹುಳಿಯಿಲ್ಲದಿದ್ದರೆ ಒಂದು ಚಮಚ ನಿಂಬೆರಸ ಸೇರಿಸಬಹುದು. ಹುಳಿ ಸಾಲದೆ ಉಳಿದ ಸೋಡ ಕೇಕಿಗೆ ಸಾಬೂನಿನ ರುಚಿಯನ್ನು ಕೊಡುತ್ತದೆ.

ಓವನ್ ಇಲ್ಲದ ಮನೆಯಲ್ಲಿ ಮರಳೇ ಓವನ್. ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಎರಡು ಬೆರಳು ದಪ್ಪ ಒಣಮರಳನ್ನು ಹರಡಿ, ಅದರ ಮೇಲೆ ಸಣ್ಣ ತಟ್ಟೆಯನ್ನು ಮಗುಚಿ, ಮುಚ್ಚಳವಿಟ್ಟು ಹತ್ತು ನಿಮಿಷ ಕಾಯಿಸಬೇಕು. ಕುಕ್ಕರನ್ನು ಬಳಸುವುದಾದರೆ ಅದರ ರಬ್ಬರ್ ಬಳೆಯನ್ನೂ ತೂಕವನ್ನೂ ತೆಗೆದಿಡಬೇಕೆಂಬುದನ್ನು ಮರೆಯಬಾರದು. ಮರಳು ಉರಿಯ ಹೊಡೆತವನ್ನು ತಾನು ತಾಳಿಕೊಂಡು ಕಾವನ್ನು ಎಲ್ಲ ಕಡೆಗೆ ಸಮನಾಗಿ ಹಂಚುತ್ತದೆ. ಕಡಲೆಕಾಯಿಯನ್ನು ಮರಳಿನಲ್ಲಿ ಹುರಿಯುವವರು ಈ ಮರ್ಮವನ್ನು ಬಲ್ಲರು.

ಚೆರ್ರಿಯನ್ನು ಕೇಕಿನಲ್ಲಿ ನಿಲ್ಲಿಸುವುದೇ ಒಂದು ಸಮಸ್ಯೆ. ಪಾಕ ಸುರಿಯುವ ಇಡೀ ಹಣ್ಣು ನೇರವಾಗಿ ತಳಕ್ಕೆ ಇಳಿದುಬಿಡುತ್ತದೆ. 100 ಗ್ರಾಂ ಹಣ್ಣನ್ನು ಬಿಸಿನೀರಿನಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒರೆಸಿ, ಸಣ್ಣಗೆ ಹೆಚ್ಚಿ, ಮೈದಾದಲ್ಲಿ ಹೊರಳಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಈ ಹಿಟ್ಟು ತೆಳುವಾದ್ದರಿಂದ ಅಷ್ಟರಿಂದಲೇ ಕೆಲಸ ಪೂರ್ತಿಯಾಗುವುದಿಲ್ಲ. ಅರ್ಧ ಚೂರುಗಳನ್ನು ಹಿಟ್ಟಿಗೆ ಬೆರೆಸಿ, ಎಣ್ಣೆ ಸವರಿದ ಸುಮಾರು 18 ಸೆಂಟಿಮೀಟರ್ ಅಗಲದ ಪಾತ್ರೆಗೆ ಸುರಿದು, ಒಲೆಯ ಮೇಲಿಟ್ಟ ಹತ್ತು ನಿಮಿಷದ ಬಳಿಕ ಉಳಿದರ್ಧವನ್ನು ಬೇಗ ಬೇಗ ಮೇಲೆ ಉದುರಿಸಿ ಮುಚ್ಚುವುದು ಒಳ್ಳೆಯದು. ಆಮೇಲೆ ಅರ್ಧ ಗಂಟೆ ಮುಚ್ಚಳವನ್ನು ಮುಟ್ಟಬಾರದು. ಗುಳ್ಳೆಗಳು ಹಿಗ್ಗಿ ಹಿಟ್ಟನ್ನು ಮೇಲಕ್ಕೆತ್ತುತ್ತಿರುವಾಗ ಅದರ ಗೋಡೆಗಳು ಇನ್ನೂ ಹಸಿ. ಪಿಷ್ಟ ಬೆಂದು, ಸಸಾರಜನಕ ಗಟ್ಟಿಯಾದ ಮೇಲಷ್ಟೇ ಅವು ತಮ್ಮ ಕಾಲ ಮೇಲೆ ನಿಲ್ಲಬಲ್ಲವು. ಆ ನಡುವೆ ತಣ್ಣನೆಯ ಗಾಳಿ ಹೊಕ್ಕರೆ ಕೇಕಿನ ನಡು ಕುಸಿಯುತ್ತದೆ. ಸಣ್ಣ ಉರಿಯಲ್ಲಿ ಒಟ್ಟು 40ರಿಂದ 45 ನಿಮಿಷ ಬೇಕಾದೀತು. ಚುಚ್ಚಿದ ಕಡ್ಡಿಗೆ ಹಸಿಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ ಸುಮಾರು 35 ನಿಮಿಷ ಸಾಕು.

ಇಷ್ಟಾದರೆ ಕೇಕು ಆಯಿತು. ಆದರೆ ಹಳೆಯ ಕಾಲದ ಚಾಕೊಲೇಟು ಕೇಕಿನ ಕೀರ್ತಿಯೆಲ್ಲ ಅದರ ಮೇಲಿನ ಫಡ್ಜ್ ಲೇಪದಲ್ಲಿದೆ. ಫಡ್ಜ್ ಎಂದರೆ ಹಾಲು, ಸಕ್ಕರೆ, ಬೆಣ್ಣೆ, ಕೋಕೋಗಳನ್ನು ಕುದಿಸಿ ಹದಕ್ಕೆ ತಂದ ಪಾಕ. ಮೇಲೆ ತೆಳುವಾಗಿ ಬಿರುಸಾಗಿ, ಒಳಗೆ ಬೆಣ್ಣೆಯಂತೆ ಮೃದುವಾಗಿ ಬಾಯಲ್ಲಿ ಕರಗಬೇಕು. ಅನೇಕರು ಸೋಲುವುದು ಇಲ್ಲಿಯೇ. ಒಂದು ದಿನ ಅದು ಮರಳಿನಂತೆ ಕರಕರ ಎನ್ನುತ್ತದೆ. ಇನ್ನೊಂದು ದಿನ ಗಟ್ಟಿಯಾಗದೆ ಕೇಕಿನಿಂದ ಜಾರಿ ತಟ್ಟೆಗೆ ಇಳಿಯುತ್ತದೆ. ಹೊರನಾಡಿನ ಗೃಹಿಣಿಯರು ಇದಕ್ಕೆಂದೇ ವಿಶೇಷವಾದ ಉಷ್ಣತಾಮಾಪಕವನ್ನು ಇಟ್ಟುಕೊಳ್ಳುತ್ತಾರೆ. ಅದಿಲ್ಲದ ಕಾಲದಲ್ಲಿ ಅವರ ಅಜ್ಜಿಯರು ಏನು ಮಾಡುತ್ತಿದ್ದರು? ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಮೆತ್ತನೆಯ ಉಂಡೆಯಾಗುತ್ತದೆಯೇ ಎಂದು ನೋಡುತ್ತಿದ್ದರು.

ಈ ಮಾತನ್ನು ಕೇಳಿದರೆ ಆಲೆಮನೆಯನ್ನು ಕಂಡವರು ನಗದೆ ಇರಲಾರರು. ಅಲ್ಲಿ ನಡೆಯುವುದೂ ಇದೇ ಅಲ್ಲವೆ? ಗಾಣದಿಂದ ಇಳಿದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಮೇಲೆ ಬಂದ ಕೊಳೆಯನ್ನು ತೆಗೆಯುತ್ತಾರೆ. ನೊರೆ ಉಕ್ಕಿ, ತಗ್ಗಿ, ಕೊನೆಗೆ ಮಂದವಾದ ಗುಳ್ಳೆಗಳು ಒಡೆಯುವ ಸದ್ದು ಬದಲಾದಾಗ ಪಾಕ ನೋಡುವ ಹಿರಿಯ ಮುಂದೆ ಬರುತ್ತಾನೆ. ನೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಿನಿಂದ ಒಟ್ಟುಗೂಡಿಸಿ ನೋಡುತ್ತಾನೆ. ತುಸು ಮೊದಲೇ ಇಳಿಸಿದರೆ ಬೆಲ್ಲ ಜೋನಿಯಾಗುತ್ತದೆ. ತುಸು ತಡವಾದರೆ ಸೀದು ಕಪ್ಪಾಗುತ್ತದೆ. ಒಂದು ಕೊಪ್ಪರಿಗೆ ಕೆಟ್ಟರೆ ಗಾಡಿಗಟ್ಟಲೆ ಕಬ್ಬಿನ ದುಡಿಮೆ ಮಣ್ಣುಪಾಲು. ಆದ್ದರಿಂದ ಆ ಒಂದು ಕ್ಷಣದಲ್ಲಿ ಆಲೆಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅವನ ಬಾಯಿಂದ “ಹದ ಬಂತು, ಇಳಿಸ್ರಪ್ಪ” ಎಂಬ ಮಾತು ಬಿದ್ದ ಮೇಲೆಯೇ ಎಲ್ಲರ ಉಸಿರು ಸರಾಗವಾಗುವುದು.

ಈ ಸೀಮೆಗೂ ಪಾಕಕ್ಕೂ ಇರುವ ನಂಟು ಇಂದಿನದಲ್ಲ. ಕಿರಂಗೂರಿಗೆ ಹೆಚ್ಚು ದೂರವಿಲ್ಲದ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಯಿತು. ರೈತರು ತಯಾರಿಸಿದ ಬೆಲ್ಲವನ್ನೇ ಕೊಂಡು ಅದು ಸಕ್ಕರೆಯಾಗಿ ಶುದ್ಧಿ ಮಾಡುತ್ತಿತ್ತು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದರ ಸಕ್ಕರೆಗೆ ಪದಕ ಬಂದಿತು. ಮುಂದೆ ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು ಕಬ್ಬಿನ ಬೇಸಾಯ ಹಬ್ಬಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡ ದೇಶದ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮೈಸೂರಿನ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮಾಡಿದರೆಂದು ಹೇಳುವ ಮೈಸೂರು ಪಾಕದ ಹೆಸರಿನಲ್ಲಿಯೇ ಪಾಕವಿದೆ.

ಫಡ್ಜ್ ಲೇಪಕ್ಕೆ 200 ಗ್ರಾಂ ಸಕ್ಕರೆ, 20 ಗ್ರಾಂ ಕೋಕೋ ಪುಡಿ, 100 ಮಿಲಿಲೀಟರ್ ಹಾಲು ಇವನ್ನು ದಪ್ಪ ತಳದ ಪಾತ್ರೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಸಕ್ಕರೆಯ ಒಂದು ಹರಳೂ ಉಳಿಯದಂತೆ ಕರಗಿಸಬೇಕು. ಕುದಿ ಬಂದ ಮೇಲೆ ತಳ ಹಿಡಿಯದಂತೆ ಆಗಾಗ ಮೆಲ್ಲನೆ ಕೈಯಾಡಿಸಿದರೆ ಸಾಕು. ಪಾತ್ರೆಯ ಅಂಚಿನಲ್ಲಿ ಸಿಡಿದು ಒಣಗಿದ ಸಕ್ಕರೆಯನ್ನು ಒದ್ದೆ ಬಟ್ಟೆ ಸುತ್ತಿದ ಚಮಚದಿಂದ ಒರೆಸುತ್ತಿರಬೇಕು. ನೀರು ಆವಿಯಾಗಿ ಹೋದಂತೆಲ್ಲ ಪಾಕದ ಕುದಿಯುವ ಬಿಸಿ ಏರುತ್ತ ಹೋಗುತ್ತದೆ. ಬರಿಯ ನೀರು 100 ಡಿಗ್ರಿಯಲ್ಲಿ ಕುದಿದರೆ, ಮೆತ್ತನೆಯ ಉಂಡೆಯಾಗುವ ಪಾಕ 112ರಿಂದ 116 ಡಿಗ್ರಿಯಲ್ಲಿರುತ್ತದೆ. ತೊಟ್ಟಿನ ಪರೀಕ್ಷೆ ಈ ಬಿಸಿಯನ್ನೇ ಮಾಪಕವಿಲ್ಲದೆ ಅಳೆಯುವ ಉಪಾಯ. ಇಂಥ ಪಾಕ ಸಿಡಿದರೆ ಬಿಸಿನೀರಿನಂತೆ ಜಾರಿಹೋಗುವುದಿಲ್ಲ; ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಆದ್ದರಿಂದ ಈ ಹೊತ್ತಿನಲ್ಲಿ ಹಿರಿಯರು ಪಕ್ಕದಲ್ಲಿರಬೇಕು, ಚಿಕ್ಕ ಮಕ್ಕಳು ದೂರವಿರಬೇಕು.

ಹದ ಬಂದೊಡನೆ ಇಳಿಸಿ, 25 ಗ್ರಾಂ ಬೆಣ್ಣೆಯನ್ನು ಮೇಲೆ ಇಟ್ಟು ಹಾಗೆಯೇ ಬಿಡಬೇಕು. ಕಲಕಬಾರದು. ಪಾತ್ರೆಯನ್ನು ಅಲುಗಿಸಲೂಬಾರದು. ಎಲ್ಲ ಗುಟ್ಟೂ ಈ ಸುಮ್ಮನಿರುವುದರಲ್ಲಿದೆ. ಬಿಸಿಯ ಪಾಕದಲ್ಲಿ ಕರಗಿರುವ ಸಕ್ಕರೆ ತಣ್ಣಗಾದ ಪಾಕದಲ್ಲಿ ಕರಗಿರಲಾರದಷ್ಟು ಹೆಚ್ಚು. ಅದು ಹರಳಾಗಲು ಸಮಯ ಕಾಯುತ್ತಿರುತ್ತದೆ. ಬಿಸಿಯಿರುವಾಗಲೇ ಕಲಕಿದರೆ ಕೆಲವೇ ಹರಳುಗಳು ಹುಟ್ಟಿ, ಸುತ್ತಲಿನ ಸಕ್ಕರೆಯನ್ನೆಲ್ಲ ಸೆಳೆದುಕೊಂಡು ದಪ್ಪವಾಗಿ ಬೆಳೆಯುತ್ತವೆ. ನಾಲಗೆಗೆ ಮರಳೆನಿಸುವುದು ಅವೇ. ಸುಮಾರು 45 ಡಿಗ್ರಿಗೆ ಇಳಿದು, ಪಾತ್ರೆಯ ತಳವನ್ನು ಅಂಗೈಯಿಂದ ಮುಟ್ಟಿದರೆ ಉಗುರುಬೆಚ್ಚಗಿದೆ ಎನಿಸಿದಾಗ ಮರದ ಸಟ್ಟುಗದಿಂದ ಬಲವಾಗಿ ಕಡೆಯಬೇಕು. ಆಗ ಲಕ್ಷಾಂತರ ಹರಳುಗಳು ಒಮ್ಮೆಲೇ ಹುಟ್ಟುತ್ತವೆ. ಯಾವುದಕ್ಕೂ ಬೆಳೆಯಲು ಅವಕಾಶ ಸಿಕ್ಕುವುದಿಲ್ಲ. ಅಷ್ಟು ಸಣ್ಣ ಹರಳನ್ನು ನಾಲಗೆ ಗುರುತಿಸಲಾರದೆ ನಯವೆಂದು ತಿಳಿಯುತ್ತದೆ.

ಕಡೆಯುತ್ತ ಹೋದಂತೆ ಪಾಕದ ಹೊಳಪು ಮಾಸಿ, ಬಣ್ಣ ತಿಳಿಯಾಗಿ, ಸಟ್ಟುಗ ಭಾರವೆನಿಸುತ್ತದೆ. ಹೊಳಪು ಮಾಸತೊಡಗಿದ ಕ್ಷಣವೇ ಪೂರ್ತಿ ಆರಿದ ಕೇಕಿನ ಮೇಲೆ ಸುರಿದು ಚಾಕುವಿನಿಂದ ಹರಡಿಬಿಡಬೇಕು. ಒಂದೆರಡು ನಿಮಿಷ ತಡವಾದರೂ ಅದು ಪಾತ್ರೆಯಲ್ಲಿಯೇ ಗಟ್ಟಿಯಾಗುತ್ತದೆ. ಮೈಸೂರು ಪಾಕವನ್ನು ತಟ್ಟೆಗೆ ಸುರಿದ ಕೈಗೆ ಈ ಅವಸರವನ್ನು ಯಾರೂ ಕಲಿಸಬೇಕಾಗಿಲ್ಲ. ಮೇಲೆ ಎಂಟು ಹತ್ತು ಇಡಿಯ ಕವಳಿ ಹಣ್ಣುಗಳನ್ನು ಒತ್ತಿ ಕೂರಿಸಿದರೆ ಕೇಕು ಸಿದ್ಧ.

ಗಟ್ಟಿಯಾದ ಲೇಪವನ್ನು ಎರಡು ಚಮಚ ಬಿಸಿ ಹಾಲು ಹಾಕಿ ಸಡಿಲಿಸಿಕೊಳ್ಳಬಹುದು. ಹರಳುಗಟ್ಟಿ ಕೆಟ್ಟುದನ್ನು ಹಾಲು ಹಾಕಿ ಮತ್ತೆ ಕರಗಿಸಿ ಮೊದಲಿನಿಂದ ಕುದಿಸಬಹುದು. ಅದಕ್ಕೂ ಮನಸ್ಸಿಲ್ಲದಿದ್ದರೆ ತುಪ್ಪ ಸವರಿದ ತಟ್ಟೆಗೆ ಸುರಿದು ಬಿಲ್ಲೆ ಕೊಯ್ದರೆ ಕೋಕೋ ಬರ್ಫಿಯಾಗುತ್ತದೆ. ಕೇಕನ್ನು ಮುಚ್ಚಿಟ್ಟರೆ ಎರಡು ಮೂರು ದಿನ ಕೆಡದು. ಇರುವೆ ಬಾರದಂತೆ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇಡಬೇಕು. ಇನ್ನು ಪಾಕದ ಪಾತ್ರೆಯ ತಳದಲ್ಲಿ ಅಂಟಿಕೊಂಡದ್ದಕ್ಕೆ ಒಂದು ಲೋಟ ಬಿಸಿ ಹಾಲು ಸುರಿದು ಕಲಕಿದರೆ, ಅದನ್ನು ಕುಡಿಯಲು ಮನೆಯ ಮಕ್ಕಳಲ್ಲಿ ಯಾರು ಮೊದಲು ಎಂಬ ಜಗಳವೊಂದು ಉಳಿಯುತ್ತದೆ.